ಕುದುರೆ ಬಾಲಕ್ಕೆ ಕಟ್ಟುವ ಮುನ್ನ

ಮೈಸೂರಿಗೆ ರೇಸ್ ನೋಡೋಕೆ ಹೊರಟಿದ್ದೀಯಂತೆ. ಹೋಗು ಮಗಾ. ಬೇಡ ಅನ್ನೋಕೆ ನಾನೇನು ಋಷಿಯಲ್ಲ, ಅಂದರೆ ಕೇಳುವವನು ನೀನೂ ಅಲ್ಲ.

ನಿನ್ನ ವಯಸ್ಸಿನಲ್ಲಿ ನಾನೂ ಹೋಗಿದ್ದೆ. ಹಾಸನದ ಮಂಡಿಗೆ ಆಲೂಗಡ್ಡೆ ಹಾಕಿ, ದುಡ್ಡು ಎಣಿಸಿಕೊಂಡು ರೈಲು ಹತ್ತಿದೆ. ಹೊಳೆನರಸೀಪುರದಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ನಮ್ಮೂರ ಸ್ಟೇಷನ್ನು ಹಿಂದೆ ಸರಿಯೋದನ್ನು ಕಿಟಕಿಯಿಂದ ನೋಡುತ್ತಾ ಕಳ್ಳನ ಹಾಗೆ ಕೂತಿದ್ದೆ. ಜೇಬಿನಲ್ಲಿದ್ದದ್ದು ಕೊಟ್ಟಿಗೆಗೆ ಹೆಂಚು ಹೊದಿಸುವ ದುಡ್ಡು.

ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್ ಕೋರ್ಸು. ದಸರಾ ಕಾಲ, ಜನವೋ ಜನ. ಟೀ ಕುಡಿಯುತ್ತಿದ್ದಾಗ ಇಸ್ತ್ರಿ ಅಂಗಿಯವನೊಬ್ಬ ಕಿವಿ ಹತ್ತಿರ ಬಂದು, "ಮೂರನೇ ರೇಸು, ಐದನೇ ನಂಬರು, ಗ್ಯಾರಂಟಿ" ಅಂದ. ಅಷ್ಟೊಂದು ಗ್ಯಾರಂಟಿ ಗೊತ್ತಿದ್ದವನ ಚಪ್ಪಲಿಗೆ ಪಿನ್ನು ಯಾಕೆ ಚುಚ್ಚಿತ್ತು ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಕಟ್ಟಿದೆ. ಆ ಕುದುರೆ ಇನ್ನೂ ಓಡುತ್ತಿರಬೇಕು. ಆ ವರ್ಷ ನಮ್ಮ ಹಸು ಸೋರುವ ಸೋಗೆಯಡಿಯೇ ಮಳೆಗಾಲ ಕಳೆಯಿತು. ನಿಮ್ಮಜ್ಜಿ ಬೈಯಲಿಲ್ಲ. ಮಳೆ ಬಂದಾಗಲೆಲ್ಲ ಲಾಟೀನು ನನ್ನ ಕೈಗೆ ಕೊಟ್ಟು, "ಹೋಗಿ ಹಸು ನೋಡ್ಕೊಂಡು ಬನ್ನಿ" ಅನ್ನುತ್ತಿದ್ದಳು, ಅಷ್ಟೇ.

ನಾಚಿಕೆ ಯಾವುದಕ್ಕೆ ಗೊತ್ತಾ? ಬೂಕನಬೆಟ್ಟದ ಜಾತ್ರೆಯಲ್ಲಿ ಒಂದು ಎತ್ತು ಕೊಳ್ಳಬೇಕಾದರೆ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ಜನ ನಾವು. ಅಲ್ಲಿ ಕುದುರೆಯ ಮುಖ ಕೂಡ ನೋಡದೆ ದುಡ್ಡು ಬಿಸಾಕಿ ಬಂದೆ. ನೀನು ಹಾಗೆ ಮಾಡಬೇಡ. ಪ್ರತಿ ರೇಸಿಗೂ ಮುಂಚೆ ಪ್ಯಾಡಕ್‌ನಲ್ಲಿ ಕುದುರೆಗಳನ್ನು ಸುತ್ತು ಹಾಕಿಸುತ್ತಾರೆ, ಬೇಲಿ ಪಕ್ಕ ನಿಂತು ನೋಡು. ಹೆಜ್ಜೆ ಸಲೀಸಾಗಿದೆಯಾ, ಸುಮ್ಮಸುಮ್ಮನೆ ಬೆವರಿ ಕಂಗಾಲಾಗಿದೆಯಾ ಅಂತ ಗಮನಿಸು. ಹೋದ ಸಲ ಗೆದ್ದಿತ್ತು ಅಂತ ಹಾರಿ ಬೀಳಬೇಡ. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಗೆದ್ದ ಕುದುರೆಗೆ ಮುಂದಿನ ಸಲ ಹೆಚ್ಚು ತೂಕ ಹೊರಿಸುತ್ತಾರೆ. ಚೆನ್ನಾಗಿ ದುಡಿಯುವ ಮಗನ ಮೇಲೇ ಮನೆ ಭಾರವೆಲ್ಲ ಬೀಳುವುದಿಲ್ಲವೇ, ಹಾಗೆ.

ಕುದುರೆ ರೇಸು ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆ ಅಂತ ನನಗೆ ಪಾಠ ಮಾಡಬೇಡ. ಜಾಣ್ಮೆ ಕುದುರೆಗಿದೆ, ಜಾಕಿಗಿದೆ. ನಿನಗೆ ಇನ್ನೂ ಬರಬೇಕು. ಟೋಟ್‌ನಲ್ಲಿ ಎಲ್ಲರೂ ಕಟ್ಟಿದ್ದನ್ನು ಒಟ್ಟು ಮಾಡಿ, ಕ್ಲಬ್ಬಿನ ಪಾಲು, ಸರ್ಕಾರದ ಪಾಲು ಮುರಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಜಿಎಸ್‌ಟಿ ಮೊದಲು ಶೇ. 28 ಇತ್ತು, 2025ರ ಸೆಪ್ಟೆಂಬರಿನಿಂದ ಶೇ. 40. ಕುದುರೆ ಗೇಟು ಬಿಡುವ ಮೊದಲೇ ಯಾರು ಗೆದ್ದರು ಅಂತ ನೀನೇ ಲೆಕ್ಕ ಹಾಕು.

ಜಪಾನಿನವರನ್ನು ನೋಡಿ ಕಲಿಯಬೇಕು ಕಣೋ. ಟೋಕಿಯೊ ರೇಸ್ ಕೋರ್ಸಿಗೆ ಮಕ್ಕಳುಮರಿ ಕಟ್ಟಿಕೊಂಡು ಜಾತ್ರೆಗೆ ಹೋದ ಹಾಗೆ ಹೋಗುತ್ತಾರಂತೆ. ಆ ದೇಶದಲ್ಲೇ ಹರು ಉರಾರಾ ಅಂತ ಒಂದು ಹೆಣ್ಣು ಕುದುರೆ ಇತ್ತು. 113 ಸಲ ಓಡಿತು, ಒಂದು ಸಲವೂ ಗೆಲ್ಲಲಿಲ್ಲ. 2004ರಲ್ಲಿ ಯುತಾಕಾ ತಾಕೆ ಅನ್ನೋ ಹೆಸರಾಂತ ಜಾಕಿಯೇ ಅದರ ಬೆನ್ನೇರಿದ. ಆಗಲೂ 11 ಕುದುರೆಗಳಲ್ಲಿ 10ನೆಯದು! ಜನ ಸೋಲುತ್ತೆ ಅಂತ ಗೊತ್ತಿದ್ದೇ ಅದರ ಟಿಕೆಟ್ ಕೊಂಡರು. ಅವರ ಮಾತಿನಲ್ಲಿ ಬಾಜಿ ಹತ್ತುವುದಕ್ಕೂ ಗಾಡಿ ಬಡಿಯುವುದಕ್ಕೂ ಒಂದೇ ಪದ. ಹತ್ತದ ಟಿಕೆಟ್ಟು ಜೇಬಿನಲ್ಲಿದ್ದರೆ ಗಾಡಿಯೂ ಬಡಿಯುವುದಿಲ್ಲ ಅಂತ ತಾಯಿತದ ಹಾಗೆ ಇಟ್ಟುಕೊಂಡರು. ದುಡ್ಡು ಕಳೆದುಕೊಂಡೂ ನಗುವ ಜಾತಿ ಅದು. ನಿನಗೆ ಹಾಗೆ ನಗೋಕೆ ಆಗುವಷ್ಟೇ ದುಡ್ಡು ಒಯ್ಯಿ, ಒಂದು ಸಿನಿಮಾ, ಒಂದು ಮಸಾಲೆ ದೋಸೆಯಷ್ಟು. ಅದು ಮುಗಿದ ಮೇಲೆ ಗೆಳೆಯನ ಹತ್ತಿರ ಕೈ ಚಾಚಿದೆಯೋ, ಮುಂದಿನ ಸಲ ನನ್ನ ಹತ್ತಿರ ಬರಬೇಡ.

ಕುದುರೆಗಳು ಕೊನೆಯ ತಿರುವಿಗೆ ಬಂದಾಗ ಕಾಲಡಿ ನೆಲ ಗುಡುಗುತ್ತೆ ನೋಡು, ಅದನ್ನು ಕೇಳಿಸಿಕೊಂಡು ಬಾ. ಅದಕ್ಕೆ ಜಿಎಸ್‌ಟಿ ಇಲ್ಲ. ಮತ್ತೆ, ವಾಪಸ್ ರೈಲಿನ ಟಿಕೆಟ್ಟನ್ನು ಬೆಳಿಗ್ಗೆಯೇ ತಗೊಂಡು ಒಳಜೇಬಿನಲ್ಲಿಟ್ಟುಕೋ. ನಾನು ಆವತ್ತು ಕೃಷ್ಣರಾಜನಗರದವರೆಗೆ ಲಾರಿಯಲ್ಲಿ ಬಂದೆ.