ವ್ಯಾನಿನ ಮೂಗು ಕಟ್ಟಿದಾಗ: ಹಳೆಯ ಗಾಡಿಯ ಹೊಗೆ ಸೆನ್ಸರ್ ಬಗ್ಗೆ ತಿಳಿಯೋಣ



ಹೊಲಿಗೆ ಮಿಷನ್, ಹಿಟ್ಟಿನ ಗಿರಣಿ, ಹಸು-ಕುರಿಗಳ ಬಗ್ಗೆ ನಾವು ಸಭೆಗಳಲ್ಲಿ ಮಾತಾಡಿದ್ದೇವೆ. ಈಗ ಕೆಲವು ಸಂಘಗಳು ಸೇರಿ ಹಳೆಯ ವ್ಯಾನನ್ನೋ ಕಾರನ್ನೋ ಕೊಂಡು ತಮ್ಮ ಮಾಲು ಸಾಗಿಸುತ್ತಿವೆ. ಗಾಡಿ ಓಡಿಸುವವರು ಬೇರೆ ಯಾರೋ, ರಿಪೇರಿ ಮಾಡುವವರು ಇನ್ಯಾರೋ. ಆದರೆ ಸಾಲದ ಕಂತು ಕಟ್ಟುವವರು ಮಾತ್ರ ನಾವು. ಆದ್ದರಿಂದ ಗಾಡಿಯ ಒಳಗೆ ಏನು ನಡೆಯುತ್ತದೆ ಎಂದು ನಮಗೂ ಸ್ವಲ್ಪ ಗೊತ್ತಿರಬೇಕು. ನಮ್ಮ ಒಕ್ಕೂಟದಲ್ಲಿ ನಡೆದ ಒಂದು ಸಂಗತಿಯಿಂದಲೇ ಈ ಪಾಠ ಶುರು ಮಾಡುತ್ತೇವೆ.

ಲೆಕ್ಕದ ಪುಸ್ತಕ ಹೇಳಿದ ಮಾತು

ಹಪ್ಪಳ, ಉಪ್ಪಿನಕಾಯಿ, ರಾಗಿ ಹುರಿಹಿಟ್ಟು ಸಾಗಿಸಲು ನಾವು 2014ರ ಒಂದು ಪೆಟ್ರೋಲ್ ವ್ಯಾನ್ ಕೊಂಡಿದ್ದೆವು. ಅದು ತಿಂಗಳಿಗೆ ಸುಮಾರು 900 ಕಿಲೋಮೀಟರ್ ಓಡುತ್ತಿತ್ತು. ಮೊದಮೊದಲು ಲೀಟರಿಗೆ 12 ಕಿ.ಮೀ. ಕೊಡುತ್ತಿತ್ತು, ಎಂದರೆ ತಿಂಗಳಿಗೆ 75 ಲೀಟರ್ ಪೆಟ್ರೋಲ್. ಕ್ರಮೇಣ ಅದು 9 ಕಿ.ಮೀ.ಗೆ ಇಳಿಯಿತು. ಅದೇ ದಾರಿ, ಅದೇ ಹೊರೆ, ಆದರೆ ಈಗ 100 ಲೀಟರ್! ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2,500 ರೂಪಾಯಿ ಹೆಚ್ಚು ಖರ್ಚು.

ಸಭೆಯಲ್ಲಿ ಲೆಕ್ಕ ಓದಿದಾಗ ಎಲ್ಲರ ಕಣ್ಣು ಒಂದೇ ಕಡೆ ತಿರುಗಿತು. ವ್ಯಾನ್ ಓಡಿಸುತ್ತಿದ್ದವರು ನಮ್ಮ ಸದಸ್ಯೆಯೊಬ್ಬರ ಗಂಡ. "ಪೆಟ್ರೋಲ್ ತಾನಾಗೇ ಆವಿಯಾಗಿ ಹೋಗುತ್ತಾ?" ಎಂದು ಒಬ್ಬರು ಕೇಳಿಯೇಬಿಟ್ಟರು. ಆ ಸದಸ್ಯೆ ಏನೂ ಮಾತಾಡಲಿಲ್ಲ. ಮುಂದಿನ ಎರಡು ವಾರ ಸಭೆಗೆ ಬರಲಿಲ್ಲ. ಉಳಿತಾಯದ ಹಣವನ್ನು ಮಗಳ ಕೈಲಿ ಕಳಿಸಿದರು.

ಅದೇ ತಿಂಗಳು ಎಮಿಷನ್ ಟೆಸ್ಟಿಗೆ ಹೋದ ವ್ಯಾನ್ ಫೇಲಾಗಿ ಬಂತು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.3 ಮೀರಬಾರದಿತ್ತು, ಅಲ್ಲಿ 1.8 ಇತ್ತು. ಆಗ ನಮಗೆ ಹೊಳೆಯಿತು: ಪೆಟ್ರೋಲನ್ನು ಯಾರೂ ಕದ್ದಿಲ್ಲ, ಅದು ಅರೆಬೆಂದು ಸೈಲೆನ್ಸರಿನಿಂದಲೇ ಹೊರಗೆ ಹೋಗುತ್ತಿದೆ!

ಒಲೆಯೂ ಎಂಜಿನ್ನೂ ಒಂದೇ

ಒಲೆ ಮುಂದೆ ಕೂತು ಅನುಭವ ಇರುವ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಒಲೆಗೆ ಸೌದೆ ಜಾಸ್ತಿ ತುರುಕಿ ಗಾಳಿ ಆಡದಿದ್ದರೆ ಏನಾಗುತ್ತದೆ? ಮನೆ ತುಂಬ ಹೊಗೆ, ಪಾತ್ರೆ ತಳ ಮಸಿ, ಸೌದೆ ದಂಡ. ಊದುಗೊಳವೆಯಿಂದ ಊದಿದರೆ ಉರಿ ಸರಿಹೋಗುತ್ತದೆ. ಗ್ಯಾಸ್ ಒಲೆಯಲ್ಲೂ ಹಾಗೆಯೇ. ನೀಲಿ ಉರಿ ಇದ್ದರೆ ಸರಿ, ಹಳದಿ ಉರಿ ಬಂದರೆ ಸಿಲಿಂಡರ್ ಬೇಗ ಖಾಲಿ.

ಎಂಜಿನ್ನಿನಲ್ಲೂ ಹೀಗೆಯೇ. 1 ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಕಪ್ಪು ಹೊಗೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ, ಪೆಟ್ರೋಲ್ ನಷ್ಟ. ಗಾಳಿ ಹೆಚ್ಚಾದರೆ ಎಂಜಿನ್ ಎಳೆಯುವುದಿಲ್ಲ, ತಡೆದು ತಡೆದು ಓಡುತ್ತದೆ.

ಒಲೆಯ ಮುಂದೆ ನಾವಿದ್ದೇವೆ, ಕಣ್ಣಲ್ಲಿ ನೋಡಿ ಸೌದೆ ಹಿಂದಕ್ಕೆ ಎಳೆಯುತ್ತೇವೆ. ಎಂಜಿನ್ನಿನ ಮುಂದೆ ಯಾರಿದ್ದಾರೆ? ಅಲ್ಲಿ ಆ ಕೆಲಸ ಮಾಡುವುದು ಆಕ್ಸಿಜನ್ ಸೆನ್ಸರ್. ಇದನ್ನು ಲ್ಯಾಂಬ್ಡಾ ಸೆನ್ಸರ್ ಎಂದೂ ಕರೆಯುತ್ತಾರೆ. ಇದನ್ನು ಮೊದಲು ಕಾರುಗಳಲ್ಲಿ ಅಳವಡಿಸಿದ್ದು 1976ರಲ್ಲಿ: ಜರ್ಮನಿಯ ಬಾಷ್ ಕಂಪನಿ ತಯಾರಿಸಿತು, ಸ್ವೀಡನ್ನಿನ ವೋಲ್ವೋ ಕಾರಿನಲ್ಲಿ ಬಂತು.

ಸೆನ್ಸರ್ ಏನು ಮಾಡುತ್ತದೆ?

ಹೆಬ್ಬೆರಳಿನಷ್ಟು ಗಾತ್ರದ, ಸ್ಪಾರ್ಕ್ ಪ್ಲಗ್ಗಿನಂತೆ ಕಾಣುವ ಈ ಭಾಗ ಎಂಜಿನ್ನಿನಿಂದ ಹೊರಬರುವ ಹೊಗೆ ಪೈಪಿಗೆ ತಿರುಪಿನಂತೆ ಕೂತಿರುತ್ತದೆ. ಅದರ ತುದಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಒಂದು ಮುಖಕ್ಕೆ ಹೊಗೆ ತಾಗುತ್ತದೆ, ಇನ್ನೊಂದು ಮುಖಕ್ಕೆ ಹೊರಗಿನ ಗಾಳಿ. ಎರಡರಲ್ಲೂ ಇರುವ ಆಮ್ಲಜನಕದ ವ್ಯತ್ಯಾಸದಿಂದ ಸಣ್ಣ ವಿದ್ಯುತ್ ಹುಟ್ಟುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ನಮ್ಮ ಟಾರ್ಚಿನ ಒಂದು ಸೆಲ್ 1.5 ವೋಲ್ಟ್ ಅಂದಮೇಲೆ ಇದು ಎಷ್ಟು ಸೂಕ್ಷ್ಮ ನೋಡಿ!

ಈ ಸುದ್ದಿ ಗಾಡಿಯ ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ಪೆಟ್ರೋಲನ್ನು ಒಂಚೂರು ಕಮ್ಮಿ, ಒಂಚೂರು ಜಾಸ್ತಿ ಮಾಡುತ್ತಿರುತ್ತದೆ. ಸಾರಿನ ರುಚಿ ನೋಡಿ ಉಪ್ಪು ಹಾಕಿದ ಹಾಗೆ.

ಸೆನ್ಸರ್ ಕೆಲಸ ಮಾಡಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೇಗ ಕಾಯಲೆಂದು ಅದರೊಳಗೆ ಚಿಕ್ಕ ಹೀಟರ್ ಇರುತ್ತದೆ. ಈ ಹೀಟರ್ ಸತ್ತರೆ ಸೆನ್ಸರಿಗೆ ನಾಲಿಗೆ ಮರಗಟ್ಟಿದಂತೆ. ಆಗ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ.

ಪೈಪಿನಲ್ಲಿ ಮುಂದೆ ಕೆಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇದೆ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪ ಇರುವ ಈ ಡಬ್ಬಿ ವಿಷಗಾಳಿಯನ್ನು ಸಾಧುವಾದ ಗಾಳಿಯಾಗಿ ಬದಲಿಸುತ್ತದೆ. ಗಾಳಿ-ಪೆಟ್ರೋಲ್ ಪ್ರಮಾಣ ಸರಿಯಿದ್ದರೆ ಮಾತ್ರ ಇದು ನೆಟ್ಟಗೆ ಕೆಲಸ ಮಾಡುತ್ತದೆ. ಸೆನ್ಸರ್ ಕೆಟ್ಟದ್ದನ್ನು ಹಾಗೇ ಬಿಟ್ಟರೆ ಉರಿಯದ ಪೆಟ್ರೋಲ್ ಈ ಡಬ್ಬಿಯೊಳಗೆ ಉರಿದು ಅದನ್ನೂ ಹಾಳುಮಾಡುತ್ತದೆ. ಡಬ್ಬಿಯ ಬೆಲೆ ಸೆನ್ಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮ ವ್ಯಾನಿನಂಥ ಗಾಡಿಗಳಲ್ಲಿ ಡಬ್ಬಿಯ ಆಚೆಗೆ ಎರಡನೇ ಸೆನ್ಸರ್ ಕೂಡ ಇರುತ್ತದೆ. ಡಬ್ಬಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡುವುದು ಅದರ ಕೆಲಸ.

ನಮಗೆ ಸಿಕ್ಕ ಎರಡು ಸಲಹೆ

ಮೊದಲು ಹೋದ ಗ್ಯಾರೇಜಿನವರು, "ಮೀಟರಿನಲ್ಲಿ ಉರಿಯೋ ಹಳದಿ ಲೈಟು ತೆಗೆದುಬಿಡ್ತೀನಿ ಅಕ್ಕಾ, ಟೆಸ್ಟಿಗೂ ಏನಾದ್ರೂ ವ್ಯವಸ್ಥೆ ಮಾಡೋಣ" ಎಂದರು. ಅಲ್ಲಿ ಖರ್ಚು ಕಮ್ಮಿ. ನಮ್ಮಲ್ಲಿ ಕೆಲವರು ಒಪ್ಪಿದ್ದರು ಕೂಡ. ಆದರೆ ಜ್ವರ ಬಂದಾಗ ಥರ್ಮಾಮೀಟರ್ ಒಡೆದುಹಾಕಿದರೆ ಜ್ವರ ಬಿಡುತ್ತದೆಯೇ? ತಿಂಗಳಿಗೆ 2,500 ರೂಪಾಯಿ ಸೋರುವುದು ನಿಲ್ಲುತ್ತದೆಯೇ?

ಎರಡನೇ ಮೆಕ್ಯಾನಿಕ್ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ ನೋಡಿದರು. ಸೆನ್ಸರ್ ಹೀಟರಿನ ಕೋಡ್ ಬಂತು. ಕೋಡ್ ನೋಡಿದ ತಕ್ಷಣ ಹೊಸದು ಹಾಕಲಿಲ್ಲ. ಮೊದಲು ವೈರು, ಫ್ಯೂಸ್ ನೋಡಿದರು. ಆಮೇಲೆ ಮಲ್ಟಿಮೀಟರ್ ಹಿಡಿದರು. ಹೀಟರಿನ ಒಳತಂತಿ ಕಡಿದಿತ್ತು. ತುದಿಗೂ ಮಸಿ ಕಟ್ಟಿತ್ತು, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಹೋಗಿತ್ತು. ಸೆನ್ಸರ್, ಫಿಲ್ಟರ್, ಕೂಲಿ ಎಲ್ಲ ಸೇರಿ ಆದ ಖರ್ಚು ಎರಡು ತಿಂಗಳು ದಂಡವಾಗುತ್ತಿದ್ದ ಪೆಟ್ರೋಲಿನ ಹಣಕ್ಕಿಂತ ಕಡಿಮೆ. ಮರುಟೆಸ್ಟಿನಲ್ಲಿ 0.1 ಬಂತು. ಮುಂದಿನ ತಿಂಗಳ ಲೆಕ್ಕದಲ್ಲಿ ಮತ್ತೆ 12 ಕಿಲೋಮೀಟರ್.

ಆಮೇಲೆ ನಮ್ಮಲ್ಲಿ ಮೂವರು ಆ ಸದಸ್ಯೆಯ ಮನೆಗೆ ಹೋದೆವು. ಕ್ಷಮೆ ಕೇಳುವುದು ಸುಲಭವಾಗಿರಲಿಲ್ಲ. ಆಕೆಯ ಗಂಡ ಕಾಫಿ ಕೊಟ್ಟು, "ನಾನೂ ಪೆಟ್ರೋಲ್ ಹಾಕಿಸಿದ ದಿನ ಕಿಲೋಮೀಟರ್ ಬರೆದಿಡಬೇಕಿತ್ತು" ಎಂದಷ್ಟೇ ಹೇಳಿದರು. ಈಗ ವ್ಯಾನಿನಲ್ಲಿ ಒಂದು ನೋಟ್ ಪುಸ್ತಕ ಇದೆ.

ನಾವೇ ನೋಡಬಹುದಾದ ಗುರುತುಗಳು

1. ಹಳದಿ ಲೈಟು: ಎಂಜಿನ್ನಿನ ಚಿತ್ರವಿರುವ ಲೈಟು ಕೀ ತಿರುಗಿಸಿದಾಗ ಹತ್ತಬೇಕು, ಗಾಡಿ ಸ್ಟಾರ್ಟ್ ಆದಮೇಲೆ ಆರಬೇಕು. ಆರದಿದ್ದರೆ ಬೇಗ ತೋರಿಸಿ. ಓಡುವಾಗ ಮಿಣುಕಿದರೆ ವೇಗ ತಗ್ಗಿಸಿ, ಗಾಡಿಯನ್ನು ಜೋಪಾನವಾಗಿ ನಿಲ್ಲಿಸಿ.
2. ಮೈಲೇಜು: ಟ್ಯಾಂಕ್ ತುಂಬಿಸಿದಾಗಲೆಲ್ಲ ಕಿಲೋಮೀಟರ್ ಬರೆಯಿರಿ. ಮೂರು ಸಲ ಸತತ ಇಳಿದರೆ ಕಾರಣ ಹುಡುಕಿ.
3. ಹೊಗೆಯ ಬಣ್ಣ: ಕಪ್ಪಾದರೆ ಪೆಟ್ರೋಲ್ ಹೆಚ್ಚು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಹೋಗುತ್ತಿರಬಹುದು. ಆಯಿಲ್ ಆಗಲಿ ಆ ನೀರಾಗಲಿ ಸೆನ್ಸರನ್ನು ಕೆಡಿಸುತ್ತದೆ.
4. ವಾಸನೆ, ಸದ್ದು: ಹಸಿ ಪೆಟ್ರೋಲ್ ವಾಸನೆ, ಪೈಪಿನ ಜೋಡಣೆಯಲ್ಲಿ ಟಪಟಪ ಸದ್ದು. ಸೆನ್ಸರಿಗಿಂತ ಮುಂಚೆ ಪೈಪ್ ತೂತಾಗಿದ್ದರೆ ಹೊರಗಾಳಿ ಒಳನುಗ್ಗುತ್ತದೆ, ಸೆನ್ಸರ್ ಮೋಸಹೋಗಿ ತಪ್ಪು ಸುದ್ದಿ ಕೊಡುತ್ತದೆ. ಆಗ ತಪ್ಪು ಪೈಪಿನದು, ಸೆನ್ಸರಿನದಲ್ಲ.

ಸೆನ್ಸರ್ ಬಾಳಿಕೆ ಬರಲು

ಹೀಟರ್ ಇರುವ ಸೆನ್ಸರ್ ಸಾಮಾನ್ಯವಾಗಿ 1 ಲಕ್ಷ ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು ಬಾಳುತ್ತದೆ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಆಯಿಲ್ ಇವನ್ನು ಗಾಡಿಯ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಬದಲಿಸಿ. ಕಲಬೆರಕೆ ಪೆಟ್ರೋಲಿನ ಆಸೆಗೆ ಬೀಳಬೇಡಿ. ಎಂಜಿನ್ನಿಗೆ ಹಚ್ಚುವ ಗ್ಯಾಸ್ಕೆಟ್ ಪೇಸ್ಟ್ ಸೆನ್ಸರಿಗೆ ಹಾನಿ ಮಾಡದ ಬಗೆಯದೇ ಎಂದು ಕೇಳಿ, ಕೆಲವು ಸಿಲಿಕೋನ್ ಪೇಸ್ಟುಗಳ ಆವಿ ಸೆನ್ಸರನ್ನು ಕೊಲ್ಲುತ್ತದೆ. ಬಿಸಿ ಪೈಪಿಗೆ ನೀರು ಹೊಡೆಯಬೇಡಿ, ಒಳಗಿನ ಪಿಂಗಾಣಿ ಬಿರುಕು ಬಿಡುತ್ತದೆ. ಬ್ರಷ್ಷಿನಿಂದ ಉಜ್ಜಿದರೆ ಸತ್ತ ಸೆನ್ಸರ್ ಬದುಕುವುದಿಲ್ಲ.

ಎಂಜಿನ್ ಬಿಸಿ ತಿಳಿಸುವ ಇನ್ನೊಂದು ಸೆನ್ಸರ್ ಕೂಡ ಇದೆ. ಅದು ಕೆಟ್ಟು ಸದಾ "ತಣ್ಣಗಿದೆ" ಎಂದು ಹೇಳುತ್ತಿದ್ದರೂ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಆದ್ದರಿಂದ ಪೂರ್ತಿ ತಪಾಸಣೆ ಮಾಡಿಸದೆ ಭಾಗ ಬದಲಿಸಬೇಡಿ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಕೋಡ್ ಅಳಿಸುವ ಮೊದಲು ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ವೈರು, ಫ್ಯೂಸ್, ಪೈಪ್ ನೋಡಿದಿರಾ ಎಂದು ಕೇಳಿ. ಹಳೆಯ ಭಾಗ ವಾಪಸ್ ಪಡೆಯಿರಿ. ಬಿಲ್ ಪಡೆದು ಕಡತದಲ್ಲಿಡಿ. ಹಳೆಯ ಗಾಡಿ ಕೊಳ್ಳುವಾಗ ಕೀ ತಿರುಗಿಸಿ ಹಳದಿ ಲೈಟು ಹತ್ತುತ್ತದೆಯೇ ನೋಡಿ. ಹತ್ತಲೇ ಇಲ್ಲವೆಂದರೆ ಯಾರೋ ಅದನ್ನು ತೆಗೆದಿರಬಹುದು. ಕನ್ವರ್ಟರ್ ಡಬ್ಬಿ ಪೈಪಿನಲ್ಲಿ ಇದೆಯೇ ಎಂದೂ ಬಗ್ಗಿ ನೋಡಿಸಿ.

ಕಾನೂನು

ರಿಜಿಸ್ಟ್ರೇಷನ್ ಆಗಿ ಒಂದು ವರ್ಷ ಕಳೆದ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆಲ್ಲ ಎಮಿಷನ್ ಸರ್ಟಿಫಿಕೇಟ್ ಬೇಕು. ಬಿಎಸ್-4, ಬಿಎಸ್-6 ಗಾಡಿಗಳಿಗೆ ಅದು 1 ವರ್ಷ ನಡೆಯುತ್ತದೆ, ಅದಕ್ಕಿಂತ ಹಳೆಯವಕ್ಕೆ 6 ತಿಂಗಳು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲಿನ್ಯದ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ ಇದೆ, ಜೈಲು ಶಿಕ್ಷೆಗೂ ಅವಕಾಶ ಇದೆ. ಟೆಸ್ಟಿಗೆ ಮೊದಲು ಗಾಡಿಯನ್ನು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ. ತಣ್ಣನೆಯ ಸೆನ್ಸರಿನಿಂದ ಸರಿಯಾದ ಫಲಿತಾಂಶ ಬರುವುದಿಲ್ಲ.

ಒಂದು ಎಚ್ಚರಿಕೆ

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೈಪ್ ಸೋರುವ ಗಾಡಿಯಲ್ಲಿ ಕೂತವರಿಗೆ ತಲೆನೋವು, ವಾಂತಿ, ಮಂಪರು ಬಂದರೆ ಕೂಡಲೇ ಕೆಳಗಿಳಿಸಿ ಗಾಳಿಗೆ ಕರೆತನ್ನಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಎಂಜಿನ್ ಚಾಲೂ ಇಟ್ಟು, ಕಿಟಕಿ ಮುಚ್ಚಿ ಗಾಡಿಯಲ್ಲಿ ಮಲಗಬೇಡಿ.

ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಈ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಯಾರ ಮನೆಯ ಹೊಗೆಯಾದರೂ ಪಕ್ಕದ ಮನೆಗೆ ಹೋಗುತ್ತದೆ. ನಮ್ಮ ವ್ಯಾನಿನ ಹಿಂದೆ ಸೈಕಲ್ ತುಳಿಯುವ ಮಗು ಯಾರದ್ದೇ ಆಗಿರಲಿ, ಅದು ಉಸಿರಾಡುವ ಗಾಳಿಗೆ ನಾವೂ ಹೊಣೆ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಗಾಡಿ ಅಥವಾ ಯಂತ್ರಕ್ಕೆ ದಿನವಹಿ ಪುಸ್ತಕ ಇದೆಯೇ? ಅದನ್ನು ಬರೆಯುವವರು ಯಾರು, ಓದುವವರು ಯಾರು?
2. ನಮ್ಮ ಮನೆಯ ಗಾಡಿಗಳ ಎಮಿಷನ್ ಸರ್ಟಿಫಿಕೇಟ್ ಯಾವ ತಾರೀಖಿನವರೆಗೆ ಇದೆ?
3. ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ನಾವು ಮೊದಲು ಹುಡುಕುವುದು ಕಾರಣವನ್ನೋ, ತಪ್ಪಿತಸ್ಥರನ್ನೋ?

ಮೂರನೇ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ.