ಮೊದಲು ಪುಸ್ತಕ, ಆಮೇಲೆ ಸೂಜಿ

ಮಗಳೇ,

ಮಲೆಬೆನ್ನೂರಿನ ಸಂತೆಯಲ್ಲಿ ಕೌದಿ ಅಂಗಡಿ ಹಾಕ್ತೀನಿ, ಆಮೇಲೆ ಹರಿಹರ, ದಾವಣಗೆರೆ ಜಾತ್ರೆಗಳಿಗೂ ಹೋಗ್ತೀನಿ ಅಂತ ಮೊನ್ನೆ ನೀನು ಹೇಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನಿನ್ನ ಹೊಲಿಗೆ ನೋಡಿದೀನಿ. ಎಳೆ ನೇರ, ಟಾಕು ಒತ್ತು. ಅದರಲ್ಲಿ ನಾನು ತಿದ್ದೋದು ಏನೂ ಇಲ್ಲ. ಆದರೆ ಮೂವತ್ತು ವರ್ಷ ಊರವರ ಹಳೇ ಸೀರೆಗಳನ್ನ ಕೌದಿ ಮಾಡಿಕೊಟ್ಟ ನಿನ್ನ ದೊಡ್ಡವ್ವ ಒಂದು ಮಾತು ಹೇಳಬೇಕು.

ಬಳೆ ಅಂಗಡಿಗೆ ಬಂದವಳು ಬಳೆ ತೊಟ್ಟು ನೋಡಿ ದುಡ್ಡು ಕೊಡ್ತಾಳೆ. ನಿನ್ನ ಹತ್ತಿರ ಬಂದವಳು ಇನ್ನೂ ಹುಟ್ಟದ ಕೌದಿಗೆ ದುಡ್ಡು ಕೊಡ್ತಾಳೆ. ಅವಳ ಮುಂದೆ ಇರೋದು ನೀನು ಆಡಿದ ಮಾತೊಂದೇ. ಆ ಮಾತು ನಿನ್ನ ಕೈಯನ್ನ ಮೀರದ ಹಾಗೆ ನೋಡಿಕೋ.

ಇದನ್ನ ನನಗೆ ಕಲಿಸಿದ್ದು ಒಂದು ತೊಟ್ಟಿಲ ಕೌದಿ. ಒಂದು ಜಾತ್ರೆಯಲ್ಲಿ ಒಂದೇ ದಿನ ಏಳು ಆರ್ಡರ್ ಬಂದವು. ಬಂದ ಲಕ್ಷ್ಮಿಯನ್ನ ಬೇಡ ಅನ್ನಬಾರದು ಅಂತ ಎಲ್ಲರಿಗೂ ‘ಹದಿನೈದು ದಿನದಾಗೆ ಕೊಡ್ತೀನಿ’ ಅಂದುಬಿಟ್ಟೆ. ಊರಿಗೆ ಬಂದರೆ ಭದ್ರಾ ನಾಲೆಗೆ ನೀರು ಬಿಟ್ಟಿದ್ದರು. ನಾಟಿ ಶುರುವಾಗಿತ್ತು. ಹಗಲೆಲ್ಲ ಗದ್ದೆಯಲ್ಲಿ ಬಗ್ಗಿದ ಬೆನ್ನು ರಾತ್ರಿ ಸೂಜಿ ಹಿಡಿಯೋಕೆ ಬಿಡಲಿಲ್ಲ. ಮೊಮ್ಮಗುವಿನ ನಾಮಕರಣಕ್ಕೆ ಅಂತ ಹೇಳಿ ಹೋಗಿದ್ದ ಹೆಂಗಸಿಗೆ ನಾಮಕರಣ ಮುಗಿದು ಎಂಟು ದಿನಕ್ಕೆ ಕೌದಿ ಮುಟ್ಟಿಸಿದೆ. ಆಕೆ ಒಂದು ಮಾತೂ ಬೈಯಲಿಲ್ಲ. ಬಾಕಿ ಹಣ ಎಣಿಸಿಕೊಟ್ಟಳು, ಮಡಚಿದ ಕೌದಿಯನ್ನ ಮಡಚಿದ ಹಾಗೇ ಒಳಗೆ ಒಯ್ದಳು. ಬಿಚ್ಚಿ ಸಹ ನೋಡಲಿಲ್ಲ. ಅದು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತೆ.

ಅದಕ್ಕೇ ಹೇಳ್ತೀನಿ, ಹೂಂ ಅನ್ನೋ ಮೊದಲು ಕೈಯ ಲೆಕ್ಕ ಹಾಕು. ಏಳಡಿ ಉದ್ದ, ಐದಡಿ ಅಗಲದ ಕೌದಿಗೆ ನನ್ನ ಕೈಗೆ ಸುಮಾರು 80 ಗಂಟೆ ಬೇಕು. ದಿನಕ್ಕೆ ನಾಲ್ಕು ಗಂಟೆ ಕೂತರೆ 20 ದಿನ. ಜ್ವರ, ನೆಂಟರು, ಹಬ್ಬ ಇದ್ದದ್ದೇ, ಗಿರಾಕಿಗೆ 30 ದಿನ ಹೇಳು. 25ನೇ ದಿನ ಕೊಟ್ಟರೆ ಆಕೆಗೆ ಸಂತೋಷ, 31ನೇ ದಿನ ಕೊಟ್ಟರೆ ನೀನು ಮಾತು ತಪ್ಪಿದವಳು. ನಮ್ಮದು ಭತ್ತದ ಸೀಮೆ ಅನ್ನೋದನ್ನೂ ಮರೀಬೇಡ. ಮಳೆಗಾಲದ ನಾಟಿಯಲ್ಲಿ, ಬೇಸಿಗೆ ಬೆಳೆಗೂ ನೀರು ಸಿಕ್ಕ ವರ್ಷ ಆ ನಾಟಿಯಲ್ಲೂ, ದಿನ ಇನ್ನಷ್ಟು ಹೆಚ್ಚು ಕೇಳು. ಸುಗ್ಗಿ ಮುಗಿದು ಜನರ ಕೈಯಲ್ಲಿ ಕಾಸು ಆಡೋ ಹೊತ್ತಿಗೇ ಚಳಿಯೂ ಬೀಳುತ್ತೆ. ಆರ್ಡರ್ ಮುಗಿಬೀಳೋದು ಆಗಲೇ. ನಿಂಗೆ ಗಟ್ಟಿ ಮನಸ್ಸು ಬೇಕಾಗೋದೂ ಆಗಲೇ.

ಸೂಜಿ ದಾರ ಕೊಳ್ಳೋ ಮೊದಲು ಒಂದು ದಪ್ಪ ರಟ್ಟಿನ ಪುಸ್ತಕ ಕೊಂಡುಕೋ. ಒಂದು ಆರ್ಡರಿಗೆ ಒಂದು ಪುಟ. ಯಾರು, ಎಷ್ಟು ಸೀರೆ ಕೊಟ್ಟರು, ಅಳತೆ ಎಷ್ಟು, ಯಾವ ದಿನಕ್ಕೆ, ಮುಂಗಡ ಎಷ್ಟು, ಬಾಕಿ ಎಷ್ಟು, ಎಲ್ಲ ಅವರ ಎದುರಿಗೇ ಬರಿ, ಓದಿ ಹೇಳು. ಪ್ರತಿ ಸೀರೆಯ ಒಂದು ಬೆರಳಗಲ ಚೂರನ್ನ ಆ ಪುಟಕ್ಕೇ ಒಂದು ಟಾಕು ಹಾಕಿ ಇಡು. ಆಗ ಒಬ್ಬರ ಬಟ್ಟೆ ಇನ್ನೊಬ್ಬರ ಗಂಟಿಗೆ ಸೇರಲ್ಲ. ಯಾವುದಕ್ಕೆ ಕತ್ತರಿ ಹಾಕಬಾರದು ಅನ್ನೋದನ್ನ ಕೆಂಪು ಶಾಯಿಯಲ್ಲಿ ಬರಿ. ಒಬ್ಬ ಹೆಣ್ಣುಮಗಳು ತೀರಿಕೊಂಡ ತಾಯಿಯ ಸೀರೆ ತಂದಿದ್ದಳು, ಸೆರಗು ಇಡಿಯಾಗಿ ನಡುವೆ ಬರಲಿ ಅಂದಿದ್ದಳು. ನಾನು ನೆನಪಿನ ಮೇಲೆ ಬಿಟ್ಟೆ. ಸೆರಗು ತುಂಡಾಗಿ ಅಂಚಿಗೆ ಹೋಯಿತು. ದುಡ್ಡು ವಾಪಸ್ ಕೊಟ್ಟೆ. ಸೆರಗು ಎಲ್ಲಿಂದ ತರಲಿ?

ಸೀರೆಯ ಲೆಕ್ಕವನ್ನೂ ಗಿರಾಕಿಗೆ ಬಿಡಿಸಿ ಹೇಳು. ಐದೂವರೆ ಮೀಟರಿನ ಸೀರೆ ಹದಿನೆಂಟು ಅಡಿ ಉದ್ದ, ನಾಲ್ಕಡಿಗೆ ತುಸು ಕಡಿಮೆ ಅಗಲ. ಏಳಡಿ ಐದಡಿಯ ಕೌದಿಗೆ ನಾಲ್ಕು ಪದರ ಇಟ್ಟರೆ ಎರಡು ಸೀರೆ ಅದಕ್ಕೇ ಹೋಗುತ್ತೆ. ಮೇಲಿನ ತೇಪೆಗೆ ಇನ್ನೊಂದು ಬೇಕು. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ಬಣ್ಣ ಬಿಡುತ್ತಾ ನೋಡು. ಹೊಸ ಹತ್ತಿ ಬಟ್ಟೆ ಕೊಟ್ಟರೆ ಮೊದಲು ನೆನೆಸಿ ಒಣಗಿಸು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಮುದುಡಿಕೊಳ್ಳುತ್ತೆ. ಬೆವರು ಹೀರದ ಪಾಲಿಯೆಸ್ಟರ್ ಮಗುವಿನ ಕೌದಿಗೆ ಬೇಡ. ಗಿರಾಕಿ ಬೇಸರ ಮಾಡಿಕೊಂಡರೂ ಇದನ್ನ ಹೇಳು.

ಇನ್ನು ಬೆಲೆ. ‘ಸೀರೆ ನಮ್ಮದೇ, ದಾರ ಒಂದಕ್ಕೆ ಇಷ್ಟ್ಯಾಕೆ?’ ಅನ್ನೋರು ಬಂದೇ ಬರ್ತಾರೆ. ಸಿಟ್ಟು ಮಾಡಿಕೋಬೇಡ. ನಾಟಿಗೆ ಹೋದ ಹೆಣ್ಣಾಳು ಸಂಜೆಗೆ ಕೂಲಿ ಎಣಿಸಿಕೊಂಡು ಬರ್ತಾಳೆ, ಆ ಕೂಲಿಗಿಂತ ನಿನ್ನ ಕೂಲಿ ಕಡಿಮೆ ಆಗಬಾರದು. ಗಂಟೆಗೆ 50 ರೂಪಾಯಿ ಅಂತ ಇಟ್ಟುಕೊಂಡರೂ 80 ಗಂಟೆಗೆ 4,000 ರೂಪಾಯಿ ಆಯಿತು, ದಾರ ಬೇರೆ. ಆ ಲೆಕ್ಕವನ್ನ ರಟ್ಟಿನ ಮೇಲೆ ಬರೆದು ತೂಗುಹಾಕು. ಚೌಕಾಸಿಗೆ ಬಂದರೆ ಅಳತೆ ಇಳಿಸು, ಹೊಲಿಗೆ ಇಳಿಸಬೇಡ. ಅರ್ಧ ಮುಂಗಡ ಬರದೆ ಕತ್ತರಿ ಮುಟ್ಟಬೇಡ. ನೆಂಟರಾದರೂ ಅಷ್ಟೇ.

ಅಂಗಡಿಯಲ್ಲಿ ರಾಶಿ ಹಾಕಬೇಡ. ತೊಟ್ಟಿಲದ್ದು, ಒಬ್ಬರದು, ಇಬ್ಬರದು, ಮೂರು ಮಾದರಿ ಸಾಕು. ಒಂದೊಂದಕ್ಕೂ ಬೆಲೆ ಮತ್ತು ಬೇಕಾಗೋ ದಿನ ಬರೆದ ಚೀಟಿ ಕಟ್ಟು. ಅರ್ಧ ಆದ ಕೌದಿಯನ್ನ ತೊಡೆಯ ಮೇಲೆ ಹರಡಿಕೊಂಡು ಹೊಲೀತಾ ಕೂಡು. ಕರೆದರೂ ನಿಲ್ಲದವರು ಆಡೋ ಸೂಜಿ ಕಂಡರೆ ನಿಲ್ತಾರೆ. ಉಳಿದ ಚೂರುಗಳಲ್ಲಿ ಸಣ್ಣ ಚೀಲ, ಬಾಗಿಲ ತೋರಣ ಹೊಲಿದಿಟ್ಟರೆ ಆರ್ಡರ್ ಬರದ ದಿನದ ಬಸ್ ಚಾರ್ಜ್ ಹುಟ್ಟುತ್ತೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಜನಸಾಗರ. ಅಲ್ಲಿಗೆ ಹೊರಡೋ ಮೊದಲೇ ‘ಇಷ್ಟೇ ಆರ್ಡರ್’ ಅಂತ ಪುಸ್ತಕದ ಮೇಲೆ ಬರೆದುಕೊಂಡು ಹೋಗು.

ಕೈಗೆ ಮೀರಿ ಬಂದರೆ ಏನು ಮಾಡೋದು ಅಂತೀಯಾ? ಕೈ ಕೂಡಿಸು. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳನ್ನ ನೋಡು. ಅಲ್ಲಿಯ ಕುಶಲ ಕಲಾ ಕೇಂದ್ರದಲ್ಲಿ ಒಟ್ಟಾಗಿ ಕಸೂತಿ ಹಾಕ್ತಾರೆ. 2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಮಂದಿ ಸೇರಿ ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನೀನೂ ಸ್ತ್ರೀಶಕ್ತಿ ಸಂಘದ ಇಬ್ಬರು ಮೂವರನ್ನ ಜೊತೆಗೆ ಹಾಕಿಕೋ. ಆದರೆ ಅವರ ಹೊಲಿಗೆಯನ್ನ ನಿನ್ನ ಕಣ್ಣಿಂದ ನೋಡದೆ ಗಿರಾಕಿಗೆ ಕೊಡಬೇಡ, ಅವರ ಕೂಲಿಯನ್ನ ಬಾಕಿ ಇಡಬೇಡ. ಕೈ ಹಲವಾದರೂ ಗುರುತು ಒಂದಿರಲಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನ ಅಂಚಿನಿಂದ ನಡುವಿನ ಕಡೆಗೆ ಹೊಲೀತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಕೂಡಿಸ್ತಾರೆ. ಆ ಹೂವಿಲ್ಲದ ಕೌದಿ ಅವರಿಗೆ ಬೆತ್ತಲೆ. ಯಾರ ಕೈ ಹೊಲಿದರೂ ಇದು ನಿನ್ನ ಅಂಗಡಿಯದು ಅಂತ ಗುರುತು ಸಿಗೋ ಹಾಗೆ ಒಂದು ಮೂಲೆ ನೀನೂ ಮಾಡಿಕೋ.

ಸಾಲದ ವಿಷಯ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಐತೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ತರಬೇತಿ, ಶೇ 5ರ ಬಡ್ಡಿಗೆ ಮೊದಲ ಕಂತು ಒಂದು ಲಕ್ಷದವರೆಗೆ ಸಾಲ. ನಿನ್ನ ಕೆಲಸ ಅದಕ್ಕೆ ಸೇರುತ್ತಾ ಅಂತ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸು. ಆದರೆ ಒಂದು ವರ್ಷದ ಆರ್ಡರ್ ಪುಸ್ತಕ ತುಂಬೋವರೆಗೆ ಸಾಲಕ್ಕೆ ಕೈ ಹಾಕಬೇಡ. ಎಷ್ಟು ತೀರಿಸಬಲ್ಲೆ ಅಂತ ಆ ಪುಸ್ತಕವೇ ಹೇಳುತ್ತೆ.

ಬರೋ ಸಂತೆಗೆ ಮೊದಲ ಗಿರಾಕಿಯಾಗಿ ನಾನೇ ಬರ್ತೀನಿ. ನನ್ನ ಮೂರು ಹಳೇ ಸೀರೆ, ಅರ್ಧ ಮುಂಗಡ ತರ್ತೀನಿ. ಹತ್ತು ದಿನದಾಗೆ ಬೇಕು ಅಂತ ಹಟ ಹಿಡೀತೀನಿ, ದೊಡ್ಡವ್ವ ಅನ್ನೋ ಸಲಿಗೆಯನ್ನೂ ತೋರಿಸ್ತೀನಿ. ನೀನು ಪುಸ್ತಕ ಬಿಚ್ಚಿ, ಲೆಕ್ಕ ನೋಡಿ, ‘ಆಗಲ್ಲ ದೊಡ್ಡವ್ವ, ತಿಂಗಳು ಬೇಕು’ ಅನ್ನು. ಅಷ್ಟು ಹೇಳೋಕೆ ಬಂದರೆ ನಿನ್ನ ಅಂಗಡಿ ನಿಂತಿತು ಅಂತಲೇ ನಾನು ತಿಳೀತೀನಿ.