ಶರ್ಕರಪಿಷ್ಟವನ್ನು ಮಿತಗೊಳಿಸಿದ ಆಹಾರ: ಗುಣದೋಷ ವಿವೇಚನೆ

ಅನ್ನ, ರೊಟ್ಟಿ, ಸಕ್ಕರೆಗಳನ್ನು ತೊರೆದರೆ ದೇಹದ ತೂಕವೂ ಮಧುಮೇಹವೂ ಇಳಿಯುವುವೆಂಬ ಮಾತು ಈಗ ಊರೂರಿನಲ್ಲಿ ಕೇಳಿಬರುತ್ತಿದೆ. ಕೆಲವರು ಇದನ್ನು ಸಂಜೀವಿನಿಯೆಂದು ಕೊಂಡಾಡುತ್ತಾರೆ. ಕೆಲವರು ಹುಚ್ಚಾಟವೆಂದು ತಳ್ಳಿಹಾಕುತ್ತಾರೆ. ಜೋಳದ ನಾಡಿನಲ್ಲಿ ಹುಟ್ಟಿ, ಪ್ರಸಾದನಿಲಯದ ಪಂಕ್ತಿಯಲ್ಲಿ ಉಂಡು ಬೆಳೆದು, ಮಾಂಸವನ್ನು ಮುಟ್ಟದ ಜನಕ್ಕೆ ಇದು ಬರಿಯ ಕುತೂಹಲದ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ.

ಈ ಪಥ್ಯ ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯ ವಿಲಿಯಂ ಬ್ಯಾಂಟಿಂಗ್ ಎಂಬವನು ತನ್ನ ಬೂಟಿನ ದಾರವನ್ನು ಕಟ್ಟಿಕೊಳ್ಳಲಾರದಷ್ಟು, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಾಗುವಷ್ಟು ಸ್ಥೂಲಕಾಯನಾಗಿದ್ದನು. 1862ರಲ್ಲಿ 202 ಪೌಂಡು ತೂಗುತ್ತಿದ್ದ ಅವನು, ವೈದ್ಯ ವಿಲಿಯಂ ಹಾರ್ವೆಯ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ವರ್ಜಿಸಿ, ಒಂದು ವರ್ಷದಲ್ಲಿ 46 ಪೌಂಡು ಕಳೆದುಕೊಂಡನು. 1863ರಲ್ಲಿ ಅವನು ಪ್ರಕಟಿಸಿದ ಕಿರುಹೊತ್ತಗೆ ಮನೆಮಾತಾಯಿತು. ಪಥ್ಯಮಾಡುವುದಕ್ಕೆ ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ಕ್ರಿಯಾಪದವು ಅವನ ಹೆಸರಿನಿಂದಲೇ ಬಂದುದು. 1972ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಆಟ್ಕಿನ್ಸ್ ಇದೇ ಮಾರ್ಗವನ್ನು ಮತ್ತೆ ಪ್ರಚುರಪಡಿಸಿದನು. ಇವರಿಬ್ಬರ ಊಟದಲ್ಲಿಯೂ ಧಾನ್ಯದ ಸ್ಥಾನವನ್ನು ತುಂಬಿದ್ದು ಮಾಂಸವೆಂಬುದನ್ನು ಮರೆಯುವಂತಿಲ್ಲ.

ವೈದ್ಯರು ಕಾರ್ಬೋಹೈಡ್ರೇಟ್ ಎನ್ನುವ ಶರ್ಕರಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಅದನ್ನು ಜೀವಕೋಶಗಳಿಗೆ ಮುಟ್ಟಿಸಲು ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದವರಲ್ಲಿ, ಅಥವಾ ಇದ್ದರೂ ಅದು ಸರಿಯಾಗಿ ಕೆಲಸಮಾಡದವರಲ್ಲಿ, ಹೊರೆಯನ್ನೇ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಇಳಿಯುವುದು ಸಹಜ. ತೂಕದ ಮಾತು ಅಷ್ಟು ಸರಳವಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ತನ್ನೊಡನೆ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಮೊದಲ ವಾರದಲ್ಲಿ ತಕ್ಕಡಿ ತೋರಿಸುವ ಇಳಿಕೆಯ ಬಹುಪಾಲು ಈ ನೀರೇ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶರ್ಕರಪಿಷ್ಟವನ್ನೂ ಇನ್ನೊಂದಕ್ಕೆ ಕೊಬ್ಬನ್ನೂ ತಗ್ಗಿಸಿ ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ವರ್ಷಾಂತ್ಯಕ್ಕೆ ಮೊದಲಿನವರು ಸರಾಸರಿ 6 ಕಿಲೋ, ಎರಡನೆಯವರು 5.3 ಕಿಲೋ ಇಳಿದಿದ್ದರು. ಈ ಅಂತರವನ್ನು ಗಣನೀಯವೆನ್ನುವಂತಿಲ್ಲ. ಮಧುಮೇಹದಲ್ಲಿ ಲಾಭ ಸ್ಪಷ್ಟವಾಗಿದೆಯಾದರೂ, 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಆರು ತಿಂಗಳಿಗೆ ಕಂಡ ಶಮನವು ವರ್ಷ ತುಂಬುವಷ್ಟರಲ್ಲಿ ಮಸುಕಾಗಿತ್ತು. ಕಠಿಣ ಪಥ್ಯವನ್ನು ಬಹುಕಾಲ ಪಾಲಿಸುವವರು ವಿರಳ.

ಇನ್ನು ದೋಷಗಳು. ನಾರು ಕಡಿಮೆಯಾಗಿ ಮಲಬದ್ಧತೆ, ಆರಂಭದಲ್ಲಿ ತಲೆನೋವು ಮತ್ತು ನಿಶ್ಶಕ್ತಿ, ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲಿನ ಏರಿಕೆ. ಇವೆಲ್ಲಕ್ಕಿಂತ ಗಂಭೀರವಾದ ಅಪಾಯವು ಅಡಿಗೆಮನೆಯಲ್ಲಿಲ್ಲ, ಔಷಧಿಯ ಡಬ್ಬಿಯಲ್ಲಿದೆ. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನ ಪ್ರಮಾಣದಲ್ಲಿ ತೆಗೆದುಕೊಂಡು ಅನ್ನವನ್ನು ಮಾತ್ರ ಬಿಟ್ಟರೆ, ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪಬಹುದು. ಒಂಟಿಯಾಗಿ ಬಾಳುವ ವೃದ್ಧರಿಗೆ ಇದು ಪ್ರಾಣಾಂತಿಕ. ಡಾಪಾಗ್ಲಿಫ್ಲೋಜಿನ್ ಮೊದಲಾದ, ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆಡಹುವ ಮಾತ್ರೆಗಳೊಡನೆ ಉಗ್ರ ಪಥ್ಯ ಕೂಡಿದರೆ, ಸಕ್ಕರೆಯ ಅಂಕ ಹೆಚ್ಚೇನೂ ಏರದೆಯೇ ರಕ್ತವು ಆಮ್ಲಮಯವಾಗುವ ಸಂಭವವುಂಟು. ಅಂಕವನ್ನು ನೋಡಿ ನಿಶ್ಚಿಂತರಾದವರು ಆಗ ಮೋಸಹೋಗುತ್ತಾರೆ. ಆದುದರಿಂದ ಔಷಧಿ ಸೇವಿಸುವವರು ವೈದ್ಯರಿಗೆ ತಿಳಿಸದೆ ಈ ಪಥ್ಯಕ್ಕೆ ಕೈಹಾಕಕೂಡದು. ಗರ್ಭಿಣಿಯರೂ ಮೂತ್ರಪಿಂಡದ ರೋಗಿಗಳೂ ಇದೇ ಎಚ್ಚರಿಕೆಗೆ ಒಳಪಟ್ಟವರು.

ಸಸ್ಯಾಹಾರಿಯ ಗಂಗಾಳಕ್ಕೆ ಈ ಲೆಕ್ಕವನ್ನು ಹೊಂದಿಸಿ ನೋಡಿದಾಗ ತೊಡಕು ಅರಿವಾಗುತ್ತದೆ. ಕಠಿಣ ಪಥ್ಯದಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಶರ್ಕರಪಿಷ್ಟಕ್ಕೆ ಮಾತ್ರ ಅವಕಾಶ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿಯೇ ಸುಮಾರು 35 ಗ್ರಾಂ ಇರುತ್ತದೆ; ಒಂದೂವರೆ ರೊಟ್ಟಿಗೆ ದಿನದ ಲೆಕ್ಕ ಮುಗಿಯಿತು. ಬೇಳೆಯನ್ನು ಆಶ್ರಯಿಸೋಣವೆಂದರೆ 100 ಗ್ರಾಂ ತೊಗರಿಬೇಳೆಯಲ್ಲಿ ಸಸಾರಜನಕ ಸುಮಾರು 22 ಗ್ರಾಂ ಇದ್ದರೆ, ಶರ್ಕರಪಿಷ್ಟ ಅದರ ಎರಡೂವರೆ ಪಟ್ಟು. ಕೊನೆಗೆ ಉಳಿಯುವುದು ಪನೀರು, ಬೆಣ್ಣೆ, ತೆಂಗು, ಶೇಂಗಾ, ಸೊಪ್ಪು. ಮಾಂಸ ತಿನ್ನುವ ನಾಡಿನ ಪಥ್ಯವನ್ನು ಇಲ್ಲಿ ಯಥಾವತ್ತಾಗಿ ನಡೆಸುವುದು ದುಬಾರಿ. ಬಹುಮಟ್ಟಿಗೆ ಅಸಾಧ್ಯವೂ ಹೌದು.

ಹಾಗೆಂದು ಇದ್ದ ಊಟವೇ ಸರಿಯೆಂದಲ್ಲ. ಮೇಲೆ ಹೇಳಿದ ಸಮೀಕ್ಷೆಯ ತಂಡವು 18,090 ಜನರ ಊಟವನ್ನು ಆಧರಿಸಿ 2022ರಲ್ಲಿ ಮಂಡಿಸಿದ ಗಣನೆಯಂತೆ, ಹೊಸದಾಗಿ ಮಧುಮೇಹ ಕಂಡುಬಂದವರು ಒಟ್ಟು ಆಹಾರಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲನ್ನು ನೂರಕ್ಕೆ 49ರಿಂದ 54ಕ್ಕೆ ಇಳಿಸಿ, ಸಸಾರಜನಕವನ್ನು 20ರ ಸಮೀಪಕ್ಕೆ ಏರಿಸಿದರೆ ರೋಗಶಮನದ ಸಂಭವವಿದೆ. ಇದು ಗಣನೆಯೇ ಹೊರತು ಪ್ರಯೋಗವಲ್ಲ. ಆದರೂ ನಮ್ಮವರ ಊಟಕ್ಕೆ ಹೊಂದುವ ದಾರಿ. ಅನ್ನ ಅರ್ಧವಾಗಲಿ, ಮೂರು ರೊಟ್ಟಿ ಉಣ್ಣುವವರು ಎರಡಕ್ಕೆ ನಿಲ್ಲಲಿ. ತೆರವಾದ ಜಾಗಕ್ಕೆ ಹೆಸರುಕಾಳು, ಮಡಕಿಕಾಳುಗಳ ಪಲ್ಯ, ಪುಂಡಿ, ಮೆಂತ್ಯ, ಅಗಸಿ ಹಿಂಡಿ, ಮಜ್ಜಿಗೆ ಬರಲಿ. ಹಳೆಯ ರೈತನ ಬುತ್ತಿಯಲ್ಲಿ ಇವೆಲ್ಲ ಇದ್ದುವು. ಜೊತೆಗೆ ದಿನವಿಡೀ ದೇಹವನ್ನು ದಂಡಿಸುವ ಕಾಯಕವಿತ್ತು. ಈಗ ಕಾಯಕ ಕುರ್ಚಿಗೆ ಬಂದಿದೆ, ರೊಟ್ಟಿಯ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ.

ಬೆಳೆಯುವ ಮಕ್ಕಳ ಪ್ರಸಾದಕ್ಕೆ ಈ ಪಥ್ಯ ಸಲ್ಲದು. ಓದಿ, ಆಡಿ, ಓಡುವ ವಯಸ್ಸಿಗೆ ಧಾನ್ಯ ಬೇಕೇ ಬೇಕು. ಅವರಲ್ಲಿ ನೀಗಿಸಬೇಕಾದುದು ಸಸಾರಜನಕದ ಕೊರತೆ. ದಾಸೋಹಕ್ಕೆ ಭಕ್ತರು ಒಪ್ಪಿಸುವ ಕಾಣಿಕೆಯಲ್ಲಿ ಅಕ್ಕಿಯ ಚೀಲ, ಬೆಲ್ಲದ ಪೆಂಟಿಗಳೇ ಹೆಚ್ಚು. ಹತ್ತು ಚೀಲ ಅಕ್ಕಿ ಕೊಡುವ ದಾನಿಯು ಏಳು ಚೀಲ ಅಕ್ಕಿಯೊಡನೆ ಎರಡು ಚೀಲ ತೊಗರಿಬೇಳೆ, ಒಂದು ಚೀಲ ಶೇಂಗಾ ಕಳುಹಿಸಿದರೆ, ಪಂಕ್ತಿಯಲ್ಲಿ ಕೂತ ಮಗುವಿನ ತಟ್ಟೆಗೆ ಬೀಳುವ ಸಾರು ಅಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ.